ಬಸದಿಯಲ್ಲಿ ಸಿಸಿಟಿವಿ ಇದ್ದರೆ ಸಾಕೇ? ಬಳಸುವವರಿಗೆ ತರಬೇತಿಯೂ ಬೇಕು

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಇಂದು ಅನೇಕ ಬಸದಿಗಳು, ಸಮುದಾಯ ಭವನಗಳು, ವಿದ್ಯಾರ್ಥಿ ನಿಲಯಗಳು ಸಿಸಿಟಿವಿ ಕ್ಯಾಮೆರಾ ಹಾಕಿಸಿಕೊಂಡಿವೆ. ಸಮಾಜ ಬಾಂಧವರ ದೇಣಿಗೆಯಿಂದ ಕ್ಯಾಮೆರಾ ಬರುತ್ತದೆ, ಅಂಗಡಿಯವರು ಬಂದು ಜೋಡಿಸಿ ಹೋಗುತ್ತಾರೆ, ಕಚೇರಿಯ ಮೂಲೆಯಲ್ಲಿ ಒಂದು ಟಿವಿ ಉರಿಯುತ್ತಿರುತ್ತದೆ. ಆದರೆ ಕಳೆದ ವಾರದ ಒಂದು ರಾತ್ರಿಯ ದೃಶ್ಯ ತೆಗೆದುಕೊಡಿ ಎಂದು ಯಾರಾದರೂ ಕೇಳಿದರೆ, ಅದನ್ನು ತೆಗೆಯಬಲ್ಲವರು ಆಡಳಿತ ಮಂಡಳಿಯಲ್ಲಿ ಎಷ್ಟು ಜನ ಇದ್ದಾರೆ? ಈ ಲೇಖನದ ವಿಷಯ ಅದೇ.

ಜಾಗರೂಕತೆ ಏಕೆ?

2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗ ಇಡೀ ರಾಜ್ಯದ ಜೈನ ಸಮಾಜ ತಲ್ಲಣಿಸಿತ್ತು. ದೊಡ್ಡ ಕ್ಷೇತ್ರಗಳ ಪರಿಸ್ಥಿತಿಯೇ ಹೀಗಿರುವಾಗ, ಸಣ್ಣ ಊರುಗಳ ಬಸದಿಗಳ ಬಗ್ಗೆ ಹೇಳಬೇಕಾಗಿಲ್ಲ. ಧಾರವಾಡ-ಸವದತ್ತಿ ರಸ್ತೆಯ ಅಮ್ಮಿನಬಾವಿಯಂತಹ ಊರುಗಳಲ್ಲಿ ಶತಮಾನಗಳ ಹಳೆಯ ಬಸದಿಗಳಿವೆ. ಸಣ್ಣ ಊರುಗಳಲ್ಲಿ ಕೆಲವೇ ಮನೆಗಳವರು ಬಸದಿ ನೋಡಿಕೊಳ್ಳುವುದುಂಟು. ಬೆಳಗಿನ ಅಭಿಷೇಕ, ಸಂಜೆಯ ಆರತಿ ಬಿಟ್ಟರೆ ದಿನದ ಬಹುಪಾಲು ಬಾಗಿಲು ಹಾಕಿರುತ್ತದೆ. ಭಂಡಾರದಲ್ಲಿ ಇಟ್ಟ ಪಂಚಲೋಹದ ಒಂದು ಚಿಕ್ಕ ಬಿಂಬ ಕಾಣೆಯಾದದ್ದು ಮುಂದಿನ ಹಬ್ಬದವರೆಗೂ ಗೊತ್ತಾಗದೆ ಇರಬಹುದು.

ಕಾನೂನು 30 ದಿನ ಎನ್ನುತ್ತದೆ

ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಅಧಿನಿಯಮ, 2017ರ ಪ್ರಕಾರ ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಭವವಿರುವ ಸ್ಥಳಗಳಲ್ಲಿ ಸಿಸಿಟಿವಿ ಸೇರಿದಂತೆ ಸುರಕ್ಷತಾ ವ್ಯವಸ್ಥೆ ಇರಬೇಕು. ಧಾರ್ಮಿಕ ಸ್ಥಳಗಳೂ ಇದರ ವ್ಯಾಪ್ತಿಗೆ ಬರುತ್ತವೆ. ದೃಶ್ಯಗಳನ್ನು 30 ದಿನ ಕಾಪಾಡಿ, ಪೊಲೀಸ್ ಇನ್‌ಸ್ಪೆಕ್ಟರ್ ಕೇಳಿದಾಗ ಒದಗಿಸಬೇಕು. ಹುಬ್ಬಳ್ಳಿ ಸಮೀಪದ ವರೂರಿನ ನವಗ್ರಹ ತೀರ್ಥದಂತಹ ದೊಡ್ಡ ಕ್ಷೇತ್ರಕ್ಕೆ ಮಾತ್ರವಲ್ಲ, ಮಹಾವೀರ ಜಯಂತಿ, ಪಂಚಕಲ್ಯಾಣ, ಮುನಿಗಳ ಚಾತುರ್ಮಾಸ ನಡೆಯುವ ಬಸದಿಗಳಿಗೂ ಇದು ನೆನಪಿರಬೇಕಾದ ಸಂಗತಿ.

ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ. 2 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ನಿರಂತರ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ ಆಗುತ್ತದೆ. ಎಂಟು ಕ್ಯಾಮೆರಾಗಳಿಗೆ ಸುಮಾರು 173 ಜಿಬಿ. ಅಂದರೆ 1 ಟಿಬಿ ಹಾರ್ಡ್ ಡಿಸ್ಕ್ ಆರು ದಿನದೊಳಗೆ ತುಂಬುತ್ತದೆ, ನಂತರ ಯಂತ್ರವು ಹಳೆಯದನ್ನು ತಾನೇ ಅಳಿಸಿ ಹೊಸದನ್ನು ಬರೆಯುತ್ತದೆ. 30 ದಿನ ಉಳಿಯಬೇಕಾದರೆ ಸುಮಾರು 5.2 ಟಿಬಿ ಬೇಕು, ಆದ್ದರಿಂದ 6 ಟಿಬಿ ಡಿಸ್ಕ್ ಹಾಕಿಸುವುದು ಸೂಕ್ತ. ಕ್ಯಾಮೆರಾ ಎಷ್ಟು ಎಂದು ಕೇಳುವವರು ಬಹಳ, ಡಿಸ್ಕ್ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುವವರು ಕಡಿಮೆ. ಹತ್ತು ದಿನ ಬಿಟ್ಟು ಕಳವು ಗಮನಕ್ಕೆ ಬಂದರೆ ಎಂಟು ಕ್ಯಾಮೆರಾ ಇದ್ದೂ ಒಂದು ದೃಶ್ಯವೂ ಸಿಗುವುದಿಲ್ಲ.

ತರಬೇತಿ ಎಲ್ಲಿ ಸಿಗುತ್ತದೆ?

ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ಧಾರವಾಡದಲ್ಲೂ ಅದರ ಶಾಖೆ ಇದೆ. ಇದೇ ಮಾದರಿಯನ್ನು ಅನುಸರಿಸಿ ದೇಶದ ಇತರ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಹುಟ್ಟಿಕೊಂಡವು. ಈ ಸಂಸ್ಥೆಗಳ ತರಬೇತಿ ಪಟ್ಟಿಯಲ್ಲಿ ಸಿಸಿಟಿವಿ ಕ್ಯಾಮೆರಾ, ಭದ್ರತಾ ಅಲಾರಾಂ ಮತ್ತು ಹೊಗೆ ಪತ್ತೆ ಸಾಧನಗಳ ಅಳವಡಿಕೆ ಹಾಗೂ ದುರಸ್ತಿಯ 13 ದಿನಗಳ ಕೋರ್ಸ್ ಇದೆ. ತರಬೇತಿ ಉಚಿತ, ಊಟ-ವಸತಿಯೂ ಇರುತ್ತದೆ. ಗ್ರಾಮೀಣ ನಿರುದ್ಯೋಗಿ ಯುವಜನರಿಗೆ ಆದ್ಯತೆ. ತಂಡಗಳು ವರ್ಷವಿಡೀ ನಡೆಯುವುದಿಲ್ಲ, ಆದ್ದರಿಂದ ದಿನಾಂಕವನ್ನು ಸಂಸ್ಥೆಯ ಕಚೇರಿಯಲ್ಲೇ ವಿಚಾರಿಸಬೇಕು.

ಆದರೆ ಇದು ಕ್ಯಾಮೆರಾ ಜೋಡಿಸಿ ದುರಸ್ತಿ ಮಾಡುವವರ ಕೋರ್ಸ್. ಪುರೋಹಿತರು, ಕಾರ್ಯದರ್ಶಿ, ರಾತ್ರಿ ಕಾವಲುಗಾರರು 13 ದಿನ ಹೋಗಿ ಕಲಿಯಬೇಕಾಗಿಲ್ಲ. ಪ್ರತಿ ಊರಿನಿಂದ ಆಸಕ್ತಿಯುಳ್ಳ ಒಬ್ಬ ಯುವಕ ಅಥವಾ ಯುವತಿ ಈ ಕೋರ್ಸ್ ಮಾಡಿ ಬಂದರೆ ಅವರಿಗೊಂದು ಉದ್ಯೋಗವೂ ಆಗುತ್ತದೆ, ಉಳಿದವರಿಗೆ ಬಸದಿಯಲ್ಲೇ, ಅಲ್ಲಿನ ಯಂತ್ರದ ಮುಂದೆಯೇ, ಒಂದು ದಿನದಲ್ಲಿ ಕಲಿಸಲೂ ಆಗುತ್ತದೆ.

ಒಂದು ದಿನದಲ್ಲಿ ಕಲಿಯಬೇಕಾದದ್ದು

1. ದಿನದ ಪರೀಕ್ಷೆ: ಎಲ್ಲ ಕ್ಯಾಮೆರಾಗಳ ಚಿತ್ರ ಬರುತ್ತಿದೆಯೇ ಎಂದು ನೋಡುವುದು ಮಾತ್ರ ಸಾಲದು. ಟಿವಿಯಲ್ಲಿ ಚಿತ್ರ ಕಾಣುತ್ತಿದ್ದರೂ ಡಿಸ್ಕ್ ಕೆಟ್ಟು ದಾಖಲೆ ನಿಂತಿರಬಹುದು. ಆದ್ದರಿಂದ ವಾರಕ್ಕೊಮ್ಮೆಯಾದರೂ ಹಿಂದಿನ ರಾತ್ರಿಯ ದೃಶ್ಯವನ್ನೂ, ಅತಿ ಹಳೆಯ ದಿನದ ದೃಶ್ಯವನ್ನೂ ತೆರೆದು ನೋಡಬೇಕು. ಕರೆಂಟ್ ಹೋದಾಗ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಪರೀಕ್ಷಿಸಬೇಕು.

2. ಗಡಿಯಾರ: ಡಿವಿಆರ್‌ನ ಒಳಗಿನ ಸಣ್ಣ ಸೆಲ್ ದುರ್ಬಲವಾದರೆ ದಿನಾಂಕ, ಸಮಯ ತಪ್ಪುತ್ತದೆ. ಸಮಯ ತಪ್ಪಾದ ದೃಶ್ಯ ತನಿಖೆಯ ದಾರಿಯನ್ನೇ ತಪ್ಪಿಸಬಹುದು. ತಿಂಗಳಿಗೊಮ್ಮೆ ಮೊಬೈಲ್ ಸಮಯದೊಂದಿಗೆ ಹೋಲಿಸಿ ಸರಿಪಡಿಸಿ.

3. ಪಾಸ್‌ವರ್ಡ್: ಅಂಗಡಿಯವರು ಹಾಕಿಕೊಟ್ಟ ಪಾಸ್‌ವರ್ಡ್ ಮೊದಲ ದಿನವೇ ಬದಲಾಗಬೇಕು. ಪದಾಧಿಕಾರಿಗಳು ಬದಲಾದಾಗ ಮತ್ತೆ ಬದಲಿಸಬೇಕು. ಬೀಗದ ಕೈ ಹಸ್ತಾಂತರಿಸುವಂತೆ ಇದನ್ನೂ ಲಿಖಿತವಾಗಿ ಹಸ್ತಾಂತರಿಸುವುದು ಒಳ್ಳೆಯದು. ಸೈಬರ್ ಭದ್ರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಸಿಸಿಟಿವಿ ಕ್ಯಾಮೆರಾಗಳ ಮಾರಾಟವನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್ 9ರಿಂದ ನಿರ್ಬಂಧಿಸಿದೆ. ಹೊಸದು ಕೊಳ್ಳುವಾಗ ಈ ಪ್ರಮಾಣೀಕರಣ ಕೇಳಿ.

4. ದೃಶ್ಯ ತೆಗೆಯುವುದು: ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅದು ಸಾಕ್ಷ್ಯವಾಗಿ ದುರ್ಬಲ. ಪೆನ್ ಡ್ರೈವ್‌ಗೆ ಮೂಲ ರೂಪದಲ್ಲೇ ನಕಲು ತೆಗೆಯುವುದನ್ನು ಪ್ರತಿಯೊಬ್ಬರೂ ಸ್ವತಃ ಮಾಡಿ ಕಲಿಯಬೇಕು.

ಕಳುವಾದರೆ ಏನು ಮಾಡಬೇಕು?

ಮೊದಲು 112ಕ್ಕೆ ಕರೆ ಮಾಡಿ. ಗರ್ಭಗುಡಿ, ಬೀಗ, ಭಂಡಾರ ಮುಟ್ಟಬೇಡಿ. ಡಿಸ್ಕ್ ತುಂಬಿ ಹಳೆಯ ದೃಶ್ಯ ಅಳಿಸುವ ಮೊದಲೇ ಆ ಅವಧಿಯ ನಕಲು ತೆಗೆಯಿರಿ, ಯಾರು ಯಾವಾಗ ತೆಗೆದರು ಎಂದು ಪುಸ್ತಕದಲ್ಲಿ ಬರೆದಿಡಿ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ನಕಲಿನೊಂದಿಗೆ ಪ್ರಮಾಣಪತ್ರ ಇರಬೇಕು. ಅದರ 'ಎ' ಭಾಗಕ್ಕೆ ದಾಖಲೆ ಹಾಜರುಪಡಿಸುವವರು, 'ಬಿ' ಭಾಗಕ್ಕೆ ತಜ್ಞರು ಸಹಿ ಮಾಡುತ್ತಾರೆ. ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ, ಫೈಲಿನಲ್ಲಿ ಒಂದು ಅಕ್ಷರದಷ್ಟು ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ ಕಾಲದಲ್ಲೇ, 2020ರ ಜುಲೈ 14ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನಕಲಿಗೆ ಪ್ರಮಾಣಪತ್ರ ಕಡ್ಡಾಯ, ಮೂಲ ಸಾಧನವನ್ನೇ ಹಾಜರುಪಡಿಸಿದರೆ ಬೇಕಿಲ್ಲ ಎಂದು ಸ್ಪಷ್ಟಪಡಿಸಿತ್ತು. ಆದ್ದರಿಂದ ಪೊಲೀಸರು ಡಿವಿಆರ್ ಅನ್ನೇ ವಶಪಡಿಸಿಕೊಳ್ಳುವುದಾದರೆ ಸಹಕರಿಸಿ, ಪಂಚನಾಮೆಯ ಪ್ರತಿ ಪಡೆಯಿರಿ.

ಎಲ್ಲಿ ಕ್ಯಾಮೆರಾ ಬೇಡ?

ಭಂಡಾರ, ಪ್ರವೇಶದ್ವಾರ, ಗರ್ಭಗುಡಿಯ ಮುಂಭಾಗ, ಹುಂಡಿ, ಪ್ರಾಕಾರ ಕಾಣಿಸಬೇಕು. ಅಭಿಷೇಕಕ್ಕೆ ಮಡಿಯುಡುವ ಕೋಣೆ, ಸ್ನಾನಗೃಹ, ಮುನಿ-ಆರ್ಯಿಕೆಯರ ವಸತಿ, ವಿದ್ಯಾರ್ಥಿನಿಯರ ಮಲಗುವ ಕೋಣೆ ಕಾಣಿಸಬಾರದು. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ, ಅದಕ್ಕೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಕ್ಯಾಮೆರಾ ಇದೆ ಎಂಬ ಫಲಕ ಬಾಗಿಲಲ್ಲೇ ಇರಲಿ. ಬಸದಿಗೆ ಬಂದ ಶ್ರಾವಕ-ಶ್ರಾವಿಕೆಯರ ದೃಶ್ಯವನ್ನು ತಮಾಷೆಗಾಗಲಿ, ಜಗಳಕ್ಕಾಗಲಿ ಗುಂಪುಗಳಲ್ಲಿ ಹಂಚುವಂತಿಲ್ಲ ಎಂದು ಮಂಡಳಿ ಠರಾವು ಮಾಡಬೇಕು.

ಅಹಿಂಸೆಯ ದೃಷ್ಟಿಯಿಂದ

ರಾತ್ರಿಯಿಡೀ ಪ್ರಖರ ದೀಪ ಉರಿಸಿದರೆ ಹುಳುಗಳು ಮುತ್ತಿ ಸಾಯುತ್ತವೆ. ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಅಂತಹ ಬೆಳಕು ಬೇಕಿಲ್ಲ. ಆದರೂ ಅದರ ಸುತ್ತ ಜೇಡ ಬಲೆ ಕಟ್ಟುವುದುಂಟು, ಅದರಿಂದ ರಾತ್ರಿಯ ಚಿತ್ರ ಮಂಜಾಗುತ್ತದೆ. ಕೀಟನಾಶಕ ಸಿಂಪಡಿಸುವುದು ಬೇಡ. ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ, ಜೀವಿಗಳಿಲ್ಲವೆಂದು ನೋಡಿಕೊಂಡು, ಮೃದುವಾದ ಕುಂಚದಿಂದ ಸರಿಸಿದರೆ ಸಾಕು. ಬಲೆ ಕಟ್ಟಲು ಬಿಡದೆ ಆಗಾಗ ಶುಚಿ ಮಾಡಿದರೆ ಜೀವಹಾನಿಯ ಪ್ರಸಂಗವೇ ಬರುವುದಿಲ್ಲ.

ಚಾತುರ್ಮಾಸ ಮತ್ತು ದಶಲಕ್ಷಣ ಪರ್ವದ ಜನಸಂದಣಿಗೆ ಮುನ್ನ ಪ್ರತಿ ಬಸದಿಯ ಮಂಡಳಿ ಒಂದು ಭಾನುವಾರ ಮೀಸಲಿಟ್ಟರೆ ಈ ತರಬೇತಿ ಮುಗಿಯುತ್ತದೆ. ಕೊನೆಗೊಂದು ಪರೀಕ್ಷೆ ಇರಲಿ: 25 ದಿನ ಹಿಂದಿನ ಒಂದು ಗಂಟೆಯ ದೃಶ್ಯವನ್ನು ಪುರೋಹಿತರು, ಕಾರ್ಯದರ್ಶಿ, ಕಾವಲುಗಾರರಲ್ಲಿ ಕನಿಷ್ಠ ಇಬ್ಬರು ಯಾರ ನೆರವೂ ಇಲ್ಲದೆ ಪೆನ್ ಡ್ರೈವ್‌ಗೆ ತೆಗೆಯಬೇಕು. ತೆಗೆಯಲು ಬಾರದಿದ್ದರೆ ಮತ್ತೊಮ್ಮೆ ಕಲಿಸಬೇಕು. ದೃಶ್ಯವೇ ಇಲ್ಲದಿದ್ದರೆ ಮರುದಿನವೇ ದೊಡ್ಡ ಡಿಸ್ಕ್ ಹಾಕಿಸಬೇಕು.