ಮಾರಿ, ಮತ್ತೆ ಕೊಂಡು ತಂದ ಎಂಜಿನ್

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ. ಮಗಳು ಅಮೆರಿಕದ ಮಿಶಿಗನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ, ಕಾರಿಲ್ಲದೆ ತರಕಾರಿ ತರುವುದೂ ಕಷ್ಟ. ಅಲ್ಲಿನ ವೃದ್ಧ ದಂಪತಿ ತಮ್ಮ 2003ರ ಬ್ಯೂಕ್ ಲೆಸೇಬರ್ ಕಾರನ್ನು ಅಗ್ಗಕ್ಕೆ ಕೊಡುತ್ತೇವೆ ಅಂದಿದ್ದಾರೆ. ಓಡಿರುವುದು 1,40,000 ಮೈಲಿ. ‘ಇಷ್ಟು ದೊಡ್ಡ, ಇಷ್ಟು ಹಳೇ ಕಾರು ನಡುದಾರಿಯಲ್ಲಿ ಕೈಕೊಡುವುದಿಲ್ಲವೇ? ಸಾಲದ್ದಕ್ಕೆ ಅದರ ನಂಬರ್ ಕೂಡಿದರೆ ಶನಿಯ ಸಂಖ್ಯೆ 8 ಬರುತ್ತದೆ’ ಎಂಬುದು ಅವರ ಆತಂಕ.

ಮೊದಲು ಆ ಎಂಟರ ವಿಷಯ ಮುಗಿಸಿಬಿಡೋಣ. ಮಿಶಿಗನ್‌ನಲ್ಲಿ ನಂಬರ್ ಪ್ಲೇಟ್ ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಮಾರಿದವರು ಪ್ಲೇಟ್ ಬಿಚ್ಚಿ ಇಟ್ಟುಕೊಳ್ಳುತ್ತಾರೆ. ನಿಮ್ಮ ನಿದ್ದೆಗೆಡಿಸಿದ ಸಂಖ್ಯೆ ಕಾರಿನ ಜತೆ ಬರುವುದೇ ಇಲ್ಲ! ಬಂದಿದ್ದರೂ ಅಂಕಿಗಳನ್ನು ಕೂಡಿ ಶನಿಯನ್ನು ಕರೆಯುವ ಈ ಲೆಕ್ಕದಿಂದ ಬ್ರೇಕ್ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಓದುವುದೇ ಆದರೆ ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೂಲೆಯಲ್ಲಿ ಕೊರೆದಿರುವ 17 ಅಕ್ಷರಗಳ ಗುರುತನ್ನು ಓದಿ. ಹತ್ತನೆಯದು 3 ಇದ್ದರೆ ಅದು 2003ರ ಮಾದರಿ. ಒಂಬತ್ತನೆಯದು ಉಳಿದ ಹದಿನಾರನ್ನೂ ಗುಣಿಸಿ, ಕೂಡಿ, 11ರಿಂದ ಭಾಗಿಸಿ ಪಡೆದ ಶೇಷ. ಯಾರಾದರೂ ಒಂದು ಅಕ್ಷರ ತಿದ್ದಿದರೆ ಸಾಮಾನ್ಯವಾಗಿ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತಾರೆ. ಎಂಟನೆಯದು ಎಂಜಿನ್ನಿನ ಸಂಕೇತ. ಲೆಸೇಬರ್‌ನಲ್ಲಿ ಅಲ್ಲಿ ಕಾಣುವ ‘ಕೆ’ ಎಂದರೆ 3.8 ಲೀಟರಿನ ವಿ6, ‘3800’ ಎಂದೇ ಹೆಸರಾದದ್ದು. ನನಗೆ ಅಚ್ಚುಮೆಚ್ಚಿನ ಎಂಜಿನ್‌ಗಳಲ್ಲಿ ಅದೂ ಒಂದು.

ಅದರ ಜಾತಕ ಕೇಳಿ. 1962ರ ಮಾದರಿಗೆಂದು ಬ್ಯೂಕ್ ಕಂಪನಿ ಒಂದು ಅಗ್ಗದ ಆರು ಸಿಲಿಂಡರ್ ಎಂಜಿನ್ ಹೊರತಂದಿತು. ಹೊಸ ಯಂತ್ರಗಳಿಗೆ ದುಡ್ಡು ಸುರಿಯುವ ಬದಲು, ಎಂಟು ಸಿಲಿಂಡರಿನ ವಿ8ನಿಂದ ಎರಡನ್ನು ಕಳೆದಂತೆ ಅದನ್ನು ರೂಪಿಸಿದರು. ಹಾಗಾಗಿ ಎರಡು ಸಾಲು ಸಿಲಿಂಡರುಗಳ ನಡುವಿನ ಕೋನ ವಿ8ನಲ್ಲಿದ್ದಂತೆ 90 ಡಿಗ್ರಿಯೇ ಉಳಿಯಿತು. ತೊಡಕು ಶುರುವಾದದ್ದೇ ಅಲ್ಲಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಆರೂ ಸಿಲಿಂಡರುಗಳಲ್ಲಿ ಒಂದೊಂದು ಸಿಡಿತ ಆಗಬೇಕು. ಸಮನಾಗಿ ಹಂಚಿದರೆ ಪ್ರತಿ 120 ಡಿಗ್ರಿಗೆ ಒಂದು. ಆದರೆ ಎದುರುಬದುರಿನ ಎರಡು ಪಿಸ್ಟನ್‌ಗಳು ಶಾಫ್ಟಿನ ಒಂದೇ ಗೂಟವನ್ನು, ಅಂದರೆ ಕ್ರ್ಯಾಂಕ್‌ಪಿನ್ನನ್ನು, ಹಂಚಿಕೊಂಡಿದ್ದರಿಂದ 90ಕ್ಕೊಂದು, ಆಮೇಲೆ 150ಕ್ಕೊಂದು, ಮತ್ತೆ 90, ಮತ್ತೆ 150. ಕಾರು ನಿಂತಲ್ಲೇ ತಾಳ ತಪ್ಪಿದ ಮದ್ದಳೆಯ ಹಾಗೆ ಅದುರುತ್ತಿತ್ತು. ಪೆಟ್ರೋಲ್ ಅಗ್ಗವಿದ್ದ ಆ ಕಾಲದಲ್ಲಿ ಇದು ಯಾರಿಗೆ ಬೇಕಿತ್ತು? 1967ರಲ್ಲಿ ಎಂಜಿನ್ನನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಜೀಪ್ ತಯಾರಿಸುತ್ತಿದ್ದ ಕೈಸರ್ ಕಂಪನಿಗೆ ಮಾರಿಬಿಟ್ಟರು.

1973ರ ತೈಲ ಬಿಕ್ಕಟ್ಟು ಎಲ್ಲವನ್ನೂ ತಲೆಕೆಳಗು ಮಾಡಿತು. ಬ್ಯೂಕ್‌ನ ಒಡೆಯ ಜನರಲ್ ಮೋಟಾರ್ಸ್‌ಗೆ ತುರ್ತಾಗಿ ಸಣ್ಣ ಎಂಜಿನ್ ಬೇಕಾಯಿತು. ಅಷ್ಟರಲ್ಲಿ ಜೀಪ್ ಅಮೆರಿಕನ್ ಮೋಟಾರ್ಸ್ ಕೈಗೆ ಹೋಗಿತ್ತು. 1974ರಲ್ಲಿ ಅವರಿಂದ ಆ ಹಳೇ ಯಂತ್ರಗಳನ್ನು ಮರಳಿ ಕೊಂಡು ಬ್ಯೂಕ್‌ನ ತವರಾದ ಫ್ಲಿಂಟ್ ಊರಿಗೆ ತಂದರು.

ಅದುರಾಟಕ್ಕೆ ಮದ್ದು ಸಿಕ್ಕಿದ್ದು 1977ರಲ್ಲಿ, ಅದೂ ಎಷ್ಟು ಸರಳವಾಗಿ! ಕ್ರ್ಯಾಂಕ್‌ಪಿನ್ನನ್ನು ನಡುವೆ ಸೀಳಿದಂತೆ ಎರಡು ಭಾಗ ಮಾಡಿ, ಒಂದನ್ನು ಇನ್ನೊಂದಕ್ಕಿಂತ 30 ಡಿಗ್ರಿ ಸರಿಸಿದರು. 90ಕ್ಕೆ 30 ಕೂಡಿದರೆ 120. 150ರಲ್ಲಿ 30 ಕಳೆದರೂ 120. ಬಿಚ್ಚಿಟ್ಟ ಇಂಥ ಒಂದು ಶಾಫ್ಟ್ ಮೇಲೆ ನಾನು ಬೆರಳಾಡಿಸಿದ್ದೇನೆ. ಕನ್ನಡಿಯಂತೆ ನುಣುಪಾದ ಪಿನ್ ಮಧ್ಯದಲ್ಲಿ ಬೆರಳಿಗೆ ಒಂದು ಮೆಟ್ಟಿಲು ತಡೆಯುತ್ತದೆ. ಹದಿನೈದು ವರ್ಷದ ತೊಂದರೆಯನ್ನು ಕಳೆದದ್ದು ಅಷ್ಟೇ ಅಷ್ಟು ಲೋಹ. ಉಳಿದ ತೂಗಾಟವನ್ನು 1988ರಲ್ಲಿ ಸೇರಿಸಿದ ಬ್ಯಾಲೆನ್ಸ್ ಶಾಫ್ಟ್ ನುಂಗಿಹಾಕಿತು. ಆ ಎಂಜಿನ್ 2008ರವರೆಗೂ ತಯಾರಾಗುತ್ತಿತ್ತು.

ದೊಡ್ಡ ಕಾರೆಂದರೆ ಪೆಟ್ರೋಲ್ ಕುಡಿಯುತ್ತದೆ ಎಂಬ ಮಾತು ಊರೊಳಗಿನ ಓಡಾಟಕ್ಕೆ ನಿಜ. ಲೀಟರಿಗೆ 7 ಕಿಲೋಮೀಟರ್ ಆಸುಪಾಸು. ಆದರೆ ಹೆದ್ದಾರಿಯಲ್ಲಿ ಇದೇ ಐದು ಮೀಟರ್ ಉದ್ದದ, 1600 ಕಿಲೋ ತೂಕದ ಗಾಡಿ 11 ಕಿಲೋಮೀಟರ್ ಕೊಡುತ್ತದೆ. ಗಂಟೆಗೆ 110ರ ವೇಗದಲ್ಲೂ ಎಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತಷ್ಟೇ ತಿರುಗುವುದು ಅದಕ್ಕೊಂದು ಕಾರಣ. ಎಂಜಿನ್ ಸವೆಯುವುದು ನಿಧಾನವಾಗುವುದಕ್ಕೂ ಅದೇ ಕಾರಣ. 1,40,000 ಮೈಲಿ ಅದಕ್ಕೆ ಮುಪ್ಪಲ್ಲ.

ಎಂಜಿನ್ನಿನಲ್ಲಿ ಹೆದರಬೇಕಾದದ್ದು ಲೋಹಕ್ಕಲ್ಲ, ಪ್ಲಾಸ್ಟಿಕ್ಕಿಗೆ. ಸಿಲಿಂಡರುಗಳಿಗೆ ಗಾಳಿ ಹಂಚುವ ಮೇಲಿನ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್‌ನದು. ಸುಡುವ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಒಯ್ಯುವ ಕೊಳವೆ ಅದರೊಳಗೇ ಹಾಯುತ್ತದೆ, ಪಕ್ಕದಲ್ಲೇ ಕೂಲಂಟ್ ಹರಿಯುವ ದಾರಿ. ವರ್ಷಗಟ್ಟಲೆ ಕಾದ ಪ್ಲಾಸ್ಟಿಕ್ ಪುಡಿಯಾಗಿ ಕೂಲಂಟ್ ಒಳಗೆ ಇಳಿಯುತ್ತದೆ. ಸಿಲಿಂಡರಿನಲ್ಲಿ ದ್ರವ ನಿಂತರೆ ಪಿಸ್ಟನ್ ಅದನ್ನು ಅದುಮಲಾರದು. ಎಂಜಿನ್ ಅಲ್ಲಿಗೆ ಮುಗಿಯಿತು. ಆದ್ದರಿಂದ ಮಗಳು ಆ ದಂಪತಿಯನ್ನು ಮ್ಯಾನಿಫೋಲ್ಡ್ ಬದಲಿಸಿದ ಬಿಲ್ಲು ಕೇಳಲಿ. ಬದಲಿಸಿಲ್ಲ ಎಂದಾದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಲಿ. ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಲಿ, ಆಯಿಲ್ ಡಿಪ್‌ಸ್ಟಿಕ್ ಹೊರಗೆಳೆದು ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ಎಂದೂ ನೋಡಲಿ.

ಇನ್ನೊಂದು ಮಿಶಿಗನ್ನಿನದೇ ಪಿಡುಗು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು ಕಾರಿನ ಹೊಟ್ಟೆಗೆ ಮೆತ್ತಿಕೊಂಡು ಬ್ರೇಕ್ ಆಯಿಲಿನ ಉಕ್ಕಿನ ಕೊಳವೆಗಳನ್ನು ತಿಂದುಹಾಕುತ್ತದೆ. ಮೇಲೆ ಪೇಂಟ್ ಹೊಳೆಯುತ್ತಿರುತ್ತದೆ, ಕೆಳಗೆ ಕೊಳವೆ ಪದರ ಪದರವಾಗಿ ಸಿಪ್ಪೆ ಬಿಟ್ಟಿರುತ್ತದೆ. ಮುಂಗಡ ಕೊಡುವ ಮೊದಲು ಕಾರನ್ನು ಗ್ಯಾರೇಜಿಗೆ ಒಯ್ದು ಲಿಫ್ಟ್ ಮೇಲೆ ಏರಿಸಿ, ಮೆಕ್ಯಾನಿಕ್ ಜತೆ ಮಗಳೂ ಟಾರ್ಚ್ ಹಿಡಿದು ಕೆಳಗೆ ನಿಂತು ಆ ಕೊಳವೆಗಳನ್ನು ಉದ್ದಕ್ಕೂ ನೋಡಲಿ. ಸಿಪ್ಪೆ ಎದ್ದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಕಾರು ಬೇಡ. ಉಪ್ಪು ಕಾಣದ ದಕ್ಷಿಣದ ರಾಜ್ಯಗಳಿಂದ ಬಂದ ಲೆಸೇಬರ್ ಹುಡುಕಲು ಹೇಳಿ.