ಲೂಥರನ್ ಸಭೆಗಳಲ್ಲಿ ಸಾಮಾನ್ಯ ಸೇವಕರ ಶಿಕ್ಷಣ ಮತ್ತು ಪೋಷಣೆ

ಲೂಥರನ್ ಸಂಪ್ರದಾಯದ ಕ್ರೈಸ್ತ ಸಭೆಯಲ್ಲಿ ಪ್ರಸಂಗ ಮಾಡುವುದು, ದೀಕ್ಷಾಸ್ನಾನ ಕೊಡುವುದು, ಪ್ರಭುಭೋಜನವನ್ನು ನಡೆಸುವುದು ಇವು ಗುರುದೀಕ್ಷೆ ಹೊಂದಿದ ಸಭಾಪಾಲಕನ ಕರ್ತವ್ಯಗಳು. ಆದರೆ ಸಭೆಗಳಿಗೆ ಸಾಕಾಗುವಷ್ಟು ಪಾಲಕರು ದೊರೆಯದಿರುವುದೂ, ಚಿಕ್ಕ ಸಭೆಗಳು ಪಾಲಕನ ವೇತನವನ್ನು ಭರಿಸಲಾರದಿರುವುದೂ ಉಂಟು. ಅಂಥಲ್ಲಿ ಸಭೆಯೊಳಗಿನ ಒಬ್ಬ ರೈತನೋ ಉಪಾಧ್ಯಾಯಿನಿಯೋ ತಮ್ಮ ವೃತ್ತಿಯೊಡನೆ ಈ ಸೇವೆಯನ್ನೂ ವಹಿಸಿಕೊಳ್ಳಬೇಕಾಗುತ್ತದೆ. ಗುರುದೀಕ್ಷೆಯಿಲ್ಲದೆ ಹೀಗೆ ದುಡಿಯುವವರನ್ನು ಈ ಲೇಖನದಲ್ಲಿ ‘ಸಾಮಾನ್ಯ ಸೇವಕ’ರೆಂದು ಕರೆಯಲಾಗಿದೆ. ಇವರಿಗೆ ಏನನ್ನು ಕಲಿಸಬೇಕೆಂಬುದು ಎಲ್ಲರೂ ಕೇಳುವ ಪ್ರಶ್ನೆ. ಚರಿತ್ರೆಯನ್ನು ಪರಿಶೀಲಿಸಿದರೆ, ಇವರಿಗೆ ಅಧಿಕಾರ ಕೊಡುವವರು ಯಾರು, ಕೊಟ್ಟಮೇಲೆ ಬೆಂಬಲವಾಗಿ ನಿಲ್ಲುವವರು ಯಾರು ಎಂಬ ಪ್ರಶ್ನೆಗಳು ಅದಕ್ಕಿಂತಲೂ ಕಠಿನವಾದುವೆಂದು ಕಂಡುಬರುತ್ತದೆ.

ಈ ಕಾಠಿನ್ಯದ ಬೇರು ಲೂಥರನ್ ಸಿದ್ಧಾಂತದಲ್ಲಿಯೇ ಇದೆ. 1520ರಲ್ಲಿ ಜರ್ಮನಿಯ ಕ್ರೈಸ್ತ ಸರದಾರರನ್ನುದ್ದೇಶಿಸಿ ಮಾರ್ಟಿನ್ ಲೂಥರ್ ಬರೆದ ಗ್ರಂಥವು ದೀಕ್ಷಾಸ್ನಾನ ಹೊಂದಿದವರೆಲ್ಲರೂ ಯಾಜಕರೇ, ಭೇದವಿರುವುದು ಹುದ್ದೆಯಲ್ಲಿ ಮಾತ್ರ ಎಂದು ಸಾರಿತು. ಅಲ್ಲಿ ಅವನು ಒಂದು ದೃಷ್ಟಾಂತವನ್ನು ಕೊಡುತ್ತಾನೆ: ಸೆರೆಸಿಕ್ಕ ಕೆಲವರು ಯಾಜಕನಿಲ್ಲದ ಅರಣ್ಯದಲ್ಲಿ ಇರಬೇಕಾಗಿ ಬಂದರೆ, ತಮ್ಮಲ್ಲೊಬ್ಬನನ್ನು ಆರಿಸಿ ಸೇವೆಗೆ ನಿಲ್ಲಿಸಬಹುದು, ಆತನು ನಿಜವಾದ ಯಾಜಕನೇ ಸರಿ. ಆದರೆ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 14ನೆಯ ವಿಧಿಯು, ಕ್ರಮವಾಗಿ ಕರೆಯಲ್ಪಡದ ಯಾರೂ ಸಭೆಯಲ್ಲಿ ಬಹಿರಂಗವಾಗಿ ಬೋಧಿಸಕೂಡದು, ಸಂಸ್ಕಾರಗಳನ್ನು ನಡೆಸಕೂಡದು ಎಂದು ವಿಧಿಸಿತು. ಮೊದಲನೆಯದು ಎಲ್ಲರ ಯೋಗ್ಯತೆಯನ್ನು ಹೇಳುತ್ತದೆ. ಎರಡನೆಯದು ಸಭೆಯ ಕರೆಯನ್ನು ಬೇಡುತ್ತದೆ. ಸಾಮಾನ್ಯ ಸೇವಕನು ಈ ಎರಡರ ನಡುವೆ ನಿಂತವನು.

ಬೋಧಕರಿಗೆ ಸಹಾಯ ಬೇಕೆಂಬ ಅರಿವೂ ಆಗಲೇ ಮೂಡಿತ್ತು. ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಸಂದರ್ಶಿಸಿದ ಲೂಥರನಿಗೆ, ಅನೇಕ ಪಾಲಕರೇ ಬೋಧಿಸಲು ಅಸಮರ್ಥರೆಂದು ತಿಳಿದುಬಂದಿತು. ಇದರ ಫಲವೇ 1529ರ ಕಿರಿಯ ಪ್ರಶ್ನೋತ್ತರಿ. ಅದಕ್ಕೂ ಮೊದಲು, 1526ರಲ್ಲಿಯೇ, ಪ್ರಸಂಗವನ್ನು ರಚಿಸಲಾರದವರು ಅಚ್ಚಾದ ಪ್ರಸಂಗಸಂಗ್ರಹದಿಂದ ಓದಿ ಹೇಳುವುದು ಲೇಸೆಂದು ಆತನು ಸೂಚಿಸಿದ್ದನು. ದುರ್ಬಲನಾದ ಬೋಧಕನನ್ನು ಕೈಬಿಡದೆ ಆತನ ಕೈಗೆ ತಕ್ಕ ಪುಸ್ತಕವನ್ನು ಕೊಡುವ ಪದ್ಧತಿ ಹೀಗೆ ಆರಂಭವಾಯಿತು.

ಕರೆಯನ್ನು ಕೊಡುವ ಅಧಿಕಾರವು ಬಿಗಿಯಾದಲ್ಲಿ ಆಗುವ ಪರಿಣಾಮವನ್ನು ನಾರ್ವೆಯಲ್ಲಿ ಕಾಣಬಹುದು. ಪಾಲಕನ ಅನುಜ್ಞೆಯಿಲ್ಲದೆ ಧಾರ್ಮಿಕ ಕೂಟಗಳನ್ನು ನಡೆಸಬಾರದೆಂದು 1741ರ ರಾಜಶಾಸನವು ಕಟ್ಟುಮಾಡಿತ್ತು. ರೈತನ ಮಗನಾದ ಹಾನ್ಸ್ ನೀಲ್ಸೆನ್ ಹೌಗೆ 1796ರಿಂದ ದೇಶವನ್ನೆಲ್ಲ ಸುತ್ತಿ ಬೋಧಿಸಿದನು. 1804ರಲ್ಲಿ ಬಂಧಿತನಾಗಿ ವರ್ಷಗಟ್ಟಲೆ ಸೆರೆಯಲ್ಲಿದ್ದು ಆರೋಗ್ಯವನ್ನು ಕಳೆದುಕೊಂಡನು. ಮೊಕದ್ದಮೆಯು ದಂಡದೊಡನೆ ಮುಗಿದುದು 1814ರಲ್ಲಿ. ಶಾಸನವು ರದ್ದಾದುದು ಆತನು ತೀರಿಕೊಂಡ 18 ವರ್ಷಗಳ ಅನಂತರ, 1842ರಲ್ಲಿ.

ನಮ್ಮ ದೇಶದ ನಿದರ್ಶನವೂ ಅಷ್ಟೇ ಮನನೀಯವಾದುದು. 1706ರಲ್ಲಿ ತರಂಗಂಬಾಡಿಗೆ ಬಂದ ಲೂಥರನ್ ಮಿಶನರಿ ಝೀಗೆನ್‌ಬಾಲ್ಗನು ಸ್ಥಳೀಯರನ್ನು ಉಪದೇಶಿಗಳಾಗಿ ತರಬೇತುಮಾಡಲು 1716ರಲ್ಲಿ ಒಂದು ಶಾಲೆಯನ್ನು ತೆರೆದನು. ಮುಂದೆ ತಂಜಾವೂರು ಸೀಮೆಯಲ್ಲಿ ಸಭೆಗಳನ್ನು ಬೆಳೆಸಿದ ಉಪದೇಶಿಗಳಲ್ಲಿ, ಮೊದಲು ಸೈನಿಕನಾಗಿದ್ದ ರಾಜನಾಯಕನ್ ಪ್ರಮುಖನು. 1733ರಲ್ಲಿ ಭಾರತೀಯನೊಬ್ಬನಿಗೆ ಗುರುದೀಕ್ಷೆ ಕೊಡುವ ಪ್ರಸಕ್ತಿ ಬಂದಾಗ ಆತನ ಹೆಸರೂ ವಿಚಾರಕ್ಕೆ ಬಂದಿತು. ಆದರೆ ಆತನು ಪರೈಯ ಕುಲದವನಾದುದರಿಂದ, ಮೇಲುಜಾತಿಯಿಂದ ಬಂದ ಕ್ರೈಸ್ತರು ಆತನ ಕೈಯಿಂದ ಪ್ರಭುಭೋಜನವನ್ನು ಸ್ವೀಕರಿಸಲಾರರೆಂಬ ಶಂಕೆ ಅಡ್ಡಬಂದಿತು. ವೆಳ್ಳಾಳ ಕುಲದ ಆರೋನನಿಗೆ ದೀಕ್ಷೆಯಾಯಿತು. ರಾಜನಾಯಕನ್ ಉಪದೇಶಿಯಾಗಿಯೇ ಉಳಿದನು. ಇಲ್ಲಿ ಕೊರತೆಯಾದುದು ಶಿಕ್ಷಣವಲ್ಲ, ಸಾಮರ್ಥ್ಯವಲ್ಲ. ಸೇವೆಯನ್ನು ಪಡೆದ ಸಮಾಜವು ಸೇವಕನಿಗೆ ಅಧಿಕಾರವನ್ನು ಕೊಡಲು ಹಿಂಜರಿಯಿತು.

ಇಂದು ಈ ಪ್ರಶ್ನೆಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಶೇಷವಾಗಿ ಚರ್ಚೆಗೊಳಗಾಗಿದೆ. ಮೂರು ಸಭಾಸಂಘಗಳ ಸಂಯೋಗದಿಂದ 1988ರಲ್ಲಿ ಕಾರ್ಯಾರಂಭಮಾಡಿದ ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಸಭೆಯ ನಿಬಂಧನೆಯಂತೆ, ಪಾಲಕನು ದೊರೆಯದೆಡೆಯಲ್ಲಿ ಪ್ರಾಂತದ ಬಿಷಪರು ಸಭೆಯ ಒಪ್ಪಿಗೆಯನ್ನು ಪಡೆದು ಸದಸ್ಯನೊಬ್ಬನನ್ನು ನಿಯಮಿಸಬಹುದು. ಈ ಸೇವಕನು ಶಿಕ್ಷಣ ಹೊಂದಿರಬೇಕು. ಗೊತ್ತಾದ ಸ್ಥಳದಲ್ಲಿ, ಗೊತ್ತಾದ ಅವಧಿಗೆ ಮಾತ್ರ ಕಾರ್ಯಮಾಡಬೇಕು. ಬಿಷಪರು ನೇಮಿಸಿದ ಪಾಲಕನೊಬ್ಬನು ಆತನ ಮೇಲ್ವಿಚಾರಣೆ ನಡೆಸತಕ್ಕದ್ದು. ಸಂಭಾವನೆಯನ್ನೂ ಹೊಣೆಗಾರಿಕೆಯನ್ನೂ ಪ್ರಾಂತದ ಅಧಿಕಾರಿಗಳು ನಿರ್ಣಯಿಸತಕ್ಕದ್ದು. ಶಿಕ್ಷಣದೊಡನೆ ಒಪ್ಪಿಗೆ, ಮಿತಿ, ಮೇಲ್ವಿಚಾರಣೆ, ಸಂಭಾವನೆ ಇವೆಲ್ಲವನ್ನೂ ಒಂದೇ ನಿಬಂಧನೆಯಲ್ಲಿ ಹೆಣೆದಿರುವುದು ಇಲ್ಲಿ ಗಮನಾರ್ಹ.

ಅದೇ ದೇಶದ ಮಿಸೌರಿ ಸಿನಡಿನ ಅನುಭವವು ಬೇರೆ ದಾರಿಯನ್ನು ತೋರಿಸುತ್ತದೆ. ಅದು 1989ರ ವಿಚಿಟಾ ಅಧಿವೇಶನದಲ್ಲಿ, ವಿಶೇಷ ಸಂದರ್ಭಗಳಲ್ಲಿ ಪರವಾನಗಿ ಪಡೆದ ಸಾಮಾನ್ಯ ಡೀಕನರು ಪ್ರಸಂಗವನ್ನೂ ಸಂಸ್ಕಾರಗಳನ್ನೂ ನಡೆಸಬಹುದೆಂದು ಒಪ್ಪಿತು. ಇದು 14ನೆಯ ವಿಧಿಗೆ ವಿರುದ್ಧವೆಂಬ ವಾದವು ಬೆಳೆಯಿತು. 2007ರಲ್ಲಿ, ಅಭ್ಯರ್ಥಿಯು ತನ್ನ ಸಭೆಯನ್ನು ಬಿಡದೆ, ಹಿರಿಯ ಪಾಲಕನ ಮಾರ್ಗದರ್ಶನದಲ್ಲಿ ಸೇವೆಮಾಡುತ್ತಲೇ ಅಧ್ಯಯನವನ್ನು ನಡೆಸಿ ಗುರುದೀಕ್ಷೆ ಹೊಂದುವ ಕ್ರಮವನ್ನು ಸಿನಡು ಅಂಗೀಕರಿಸಿತು. 2016ರಲ್ಲಿ, ನಿಯತವಾಗಿ ಈ ಸೇವೆಯನ್ನು ನಡೆಸುತ್ತಿದ್ದ ಡೀಕನರು ಪರಿಶೀಲನೆಗೊಳಗಾಗಿ ದೀಕ್ಷೆ ಹೊಂದಬೇಕೆಂಬ ನೀತಿಯನ್ನು ತಳೆಯಿತು. ಪಾಲಕನ ಕೆಲಸವನ್ನು ಮಾಡುವವನಿಗೆ ಪಾಲಕನ ಪದವಿಯೂ ಸಲ್ಲಬೇಕೆಂಬುದು ಇದರ ತಾತ್ಪರ್ಯ.

ಒಂದು ಸಭೆಯು ಸೇವಕನಿಗೆ ಮಿತಿಯನ್ನು ಹಾಕಿ ಆಸರೆ ಕೊಟ್ಟಿತು. ಇನ್ನೊಂದು ದೀಕ್ಷೆಯ ದಾರಿಯನ್ನೇ ಆತನಿದ್ದಲ್ಲಿಗೆ ತಂದಿತು. ಇವೆರಡರಲ್ಲಿ ಯಾವುದು ಮೇಲೆಂಬುದನ್ನು ದೇವತಾಶಾಸ್ತ್ರಜ್ಞರು ನಿರ್ಣಯಿಸಲಿ. ಸಮಾಜಸಂಸ್ಥೆಗಳನ್ನು ಅಭ್ಯಸಿಸುವವರಿಗೆ ಇಲ್ಲಿ ಕಾಣುವ ತಥ್ಯವಿಷ್ಟೆ: ಸತ್ಯವೇದ, ವಿಶ್ವಾಸಪ್ರಮಾಣ, ಪ್ರಸಂಗಕಲೆ ಇವುಗಳನ್ನು ಕೆಲವೇ ವರ್ಷಗಳಲ್ಲಿ ಕಲಿಸಬಹುದು. ಆದರೆ ಮರಣಶಯ್ಯೆಯ ಬಳಿಗೆ ಒಬ್ಬನೇ ಹೋಗಬೇಕಾದ ಸೇವಕನಿಗೆ, ತಾನು ಯಾರ ಪರವಾಗಿ ಹೋಗುತ್ತಿದ್ದೇನೆ, ಮರಳಿ ಬಂದು ಯಾರೊಡನೆ ಸಮಾಲೋಚಿಸಬಹುದು ಎಂಬುದು ಸ್ಪಷ್ಟವಾಗಿರಬೇಕು. ಇದನ್ನು ಒದಗಿಸದ ಸಭೆಯು ಸೇವಕನ ದುಡಿಮೆಯನ್ನು ಪಡೆದು ಆತನನ್ನು ಒಂಟಿಯಾಗಿ ಬಿಟ್ಟಂತಾಗುತ್ತದೆ.