ಹಳೆಯ ಮಾದರಿಯ ವಾಹನಗಳಿಗೆ ಬಿಡಿಭಾಗಗಳ ಖರೀದಿ: ಮಾಲೀಕರಿಗೆ ಮಾಹಿತಿ

ಕುರಕುಂಟಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜಾವಾ, ಯೆಜ್ಡಿ ಮುಂತಾದ ಹಳೆಯ ವಾಹನಗಳನ್ನು ಹೊಂದಿರುವ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮೈಸೂರಿನ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಲ್ಪಟ್ಟಿತು. ಅಂಬಾಸಿಡರ್ ತಯಾರಿಕೆಯು 2014ರಲ್ಲಿ ನಿಂತಿತು. ಆದ್ದರಿಂದ ಕಂಪನಿಯ ಮೂಲ ಬಿಡಿಭಾಗಗಳು ಸುಲಭವಾಗಿ ದೊರೆಯದೆ, ಮೂಲ ಮಾದರಿಯಂತೆ ಬೇರೆಯವರು ಹೊಸದಾಗಿ ತಯಾರಿಸಿದ ಭಾಗಗಳನ್ನು ಅಥವಾ ಗುಜರಿಯ ಭಾಗಗಳನ್ನು ಅವಲಂಬಿಸಬೇಕಾಗುತ್ತದೆ. ಯಾವ ಭಾಗವನ್ನು ಬದಲಾಯಿಸಬಹುದು, ಯಾವುದಕ್ಕೆ ಅನುಮತಿ ಬೇಕು ಎಂಬುದನ್ನು ಹಣ ಪಾವತಿಸುವ ಮುನ್ನವೇ ತಿಳಿದುಕೊಳ್ಳತಕ್ಕದ್ದು.

1. ಅನುಮತಿ ಅಗತ್ಯವಿಲ್ಲದ ಭಾಗಗಳು

ಸವೆದುಹೋಗುವ ಭಾಗಗಳಾದ ಕ್ಲಚ್ ಪ್ಲೇಟ್, ಬ್ರೇಕ್ ಶೂ, ಫಿಲ್ಟರ್, ಬೇರಿಂಗ್, ರಬ್ಬರ್ ಬುಷ್, ಬಾಗಿಲಿನ ಹಿಡಿ, ದೀಪದ ಗಾಜು ಇತ್ಯಾದಿಗಳನ್ನು ಮೂಲ ಅಳತೆಯಂತೆಯೇ ಬದಲಾಯಿಸುವುದು ದುರಸ್ತಿ ಎನಿಸುತ್ತದೆ. ಆದರೂ ಸುರಕ್ಷತೆಗೆ ಸಂಬಂಧಿಸಿದ ಭಾಗಗಳಲ್ಲಿ ಅಗ್ಗದ ಬೆಲೆಯನ್ನಷ್ಟೇ ನೋಡಬಾರದು. ಟೈರುಗಳ ಮೇಲೆ ಐ.ಎಸ್.ಐ. ಗುರುತು ಇರುವುದನ್ನು ಪರಿಶೀಲಿಸಬೇಕು. ಮುಂಭಾಗದ ಗಾಜು ಲ್ಯಾಮಿನೇಟೆಡ್ ಸುರಕ್ಷತಾ ಗಾಜು ಆಗಿರತಕ್ಕದ್ದು.

2. ಅನುಮತಿ ಅಗತ್ಯವಿರುವ ಬದಲಾವಣೆಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಇಂಜಿನ್ ಬದಲಾದರೆ ಇಂಜಿನ್ ಸಂಖ್ಯೆಯೂ ಬದಲಾಗುತ್ತದೆ. ಆದ್ದರಿಂದ ಇಂಜಿನ್ ಖರೀದಿಸುವ ಮುನ್ನ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ನಿಯಮಬಾಹಿರ ಮಾರ್ಪಾಡಿಗೆ ಕಲಂ 182ಎ ಅನ್ವಯ ಆರು ತಿಂಗಳವರೆಗೆ ಕಾರಾಗೃಹ ವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಗುಜರಿಯಿಂದ ಇಂಜಿನ್ ಕೊಳ್ಳುವವರು ಅದು ಯಾವ ವಾಹನದ್ದೆಂಬುದಕ್ಕೆ ದಾಖಲೆ ಪಡೆಯಬೇಕು. ಸಂಖ್ಯೆಯನ್ನು ಉಜ್ಜಿದ ಅಥವಾ ಮರುಕೆತ್ತಿದ ಇಂಜಿನ್ ಕಳವಿನದ್ದಾಗಿರುವ ಸಾಧ್ಯತೆ ಇರುವುದರಿಂದ ಅದನ್ನು ಕೊಳ್ಳಬಾರದು.

3. ಐವತ್ತು ವರ್ಷ ಮೀರಿದ ವಾಹನಗಳು

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ವಾಹನ ಹಾಗೂ ಕಾರುಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ವಾಹನವು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಇಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಪ್ಪ-ಅಜ್ಜನ ಕಾಲದ ಕಾರಿಗೆ ಹೆಚ್ಚು ಶಕ್ತಿ ಬರಲೆಂದು ಬೇರೆ ಮಾದರಿಯ ಇಂಜಿನ್ ಅಳವಡಿಸಿದರೆ ಈ ಅರ್ಹತೆಯೇ ಕೈತಪ್ಪಬಹುದು. ಅರ್ಜಿಯನ್ನು ನಮೂನೆ 20ರಲ್ಲಿ ಸಲ್ಲಿಸಬೇಕು. ಹೊಸ ನೋಂದಣಿಗೆ ನಿಯಮಗಳಲ್ಲಿ ರೂ. 20,000 ಶುಲ್ಕ ನಿಗದಿಯಾಗಿದ್ದು, ನೋಂದಣಿಯು 10 ವರ್ಷ ಚಾಲ್ತಿಯಲ್ಲಿರುತ್ತದೆ.

ವಿಂಟೇಜ್ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಹಾಗೂ ದುರಸ್ತಿಗಾಗಿ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯ ಬಳಸುವವರು ಸಾಮಾನ್ಯ ನೋಂದಣಿಯನ್ನೇ ನಮೂನೆ 25ರ ಮೂಲಕ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುವುದು ಸೂಕ್ತ.

4. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ಅ) ಹಳೆಯ ಭಾಗವನ್ನು ಎಸೆಯದೆ ಜೊತೆಗೆ ಕೊಂಡೊಯ್ದು, ಅಳತೆ ಹಾಗೂ ಅದರ ಮೇಲಿನ ಸಂಖ್ಯೆಯನ್ನು ತಾಳೆ ನೋಡುವುದು.
ಆ) ವಾಹನದ ಮಾದರಿ ಮತ್ತು ತಯಾರಿಕೆಯ ವರ್ಷವನ್ನು ಅಂಗಡಿಯವರಿಗೆ ಬರಹದಲ್ಲಿ ನೀಡುವುದು.
ಇ) ಭಾಗವು ಮೂಲ ಕಂಪನಿಯದ್ದೇ, ಪ್ರತಿರೂಪವೇ ಅಥವಾ ಬಳಸಿದ್ದೇ ಎಂಬುದನ್ನು ಬಿಲ್ಲಿನಲ್ಲಿ ನಮೂದಿಸುವಂತೆ ಕೋರುವುದು.
ಈ) ಜಿ.ಎಸ್.ಟಿ. ಬಿಲ್ಲು ಪಡೆಯುವುದು, ಹೊಂದದಿದ್ದಲ್ಲಿ ಹಿಂದಿರುಗಿಸುವ ಷರತ್ತನ್ನು ಮೊದಲೇ ಕೇಳಿ ತಿಳಿಯುವುದು.

5. ಮೋಸ ಹೋದಲ್ಲಿ

ಬೆಂಗಳೂರು, ಹೈದರಾಬಾದ್ ಅಥವಾ ಬೇರೆಡೆಯಿಂದ ತರಿಸಿದ ಭಾಗವು ದೋಷಪೂರಿತವಾಗಿದ್ದರೂ ದೂರು ನೀಡಲು ಅಲ್ಲಿಗೇ ಹೋಗಬೇಕಾಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 34ರಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಹಾಗಾಗಿ ಈ ಭಾಗದವರು ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ನೀಡಬಹುದು. ರೂ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.

ನೋಂದಣಿ, ನವೀಕರಣ ಹಾಗೂ ಮಾರ್ಪಾಡಿನ ಅನುಮತಿಗಾಗಿ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಲು ಕೋರಲಾಗಿದೆ. ಮಧ್ಯವರ್ತಿಗಳನ್ನು ಅವಲಂಬಿಸದೆ ಖುದ್ದಾಗಿ ಅರ್ಜಿ ಸಲ್ಲಿಸಿ, ಪಾವತಿಸಿದ ಶುಲ್ಕಕ್ಕೆ ರಸೀದಿ ಪಡೆಯತಕ್ಕದ್ದು.